ಬೋರ್ಡೋದಲ್ಲಿ ಕೆಂಪಾದ ಕತ್ತಿ

ಇಸಳೂರು

ಮೊದಲೇ ಹೇಳಿಬಿಡುತ್ತೇನೆ, ನಾನು ಐಫೆಲ್ ಟವರ್ ನೋಡಿಲ್ಲ. ಫ್ರಾನ್ಸಿಗೆ ಹೋದವಳು ಅದನ್ನು ನೋಡದೆ ಬಂದೆ ಎಂದರೆ ಇಸಳೂರಿನ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ಎದುರು ಮನೆಯವರು ಈಗಲೂ ಫೋಟೋ ಕೇಳುತ್ತಾರೆ. ನನ್ನ ಫೋನಿನಲ್ಲಿರುವುದು ಒಂದು ಪ್ಲಾಸ್ಟಿಕ್ ಬ್ಯಾರಲ್, ಅದರ ಪಕ್ಕ ಕತ್ತಿ ಹಿಡಿದು ನಿಂತ ಗಣಪ, ಮೂಲೆಯಲ್ಲಿ ನನ್ನದೇ ಹೆಬ್ಬೆರಳು. ಕೇಳಿದವರಿಗೆ ಅದನ್ನೇ ತೋರಿಸುತ್ತೇನೆ.

ಮುಂದಿನ ವಾರ ಶಿರಸಿಯಲ್ಲಿ ನಮ್ಮಿಬ್ಬರಿಗೆ ಸನ್ಮಾನ ಇಟ್ಟಿದ್ದಾರೆ. ಬ್ಯಾನರಿನ ನಮೂನೆ ಮೊನ್ನೆ ಫೋನಿಗೆ ಬಂತು. ಗಣಪನ ಫೋಟೋದ ಕೆಳಗೆ ‘ಪಾರಂಪರಿಕ ಜ್ಞಾನನಿಧಿ’ ಎಂದು ದಪ್ಪಕ್ಷರ. ಅದನ್ನು ಬದಲಿಸದಿದ್ದರೆ ನಾವಿಬ್ಬರೂ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದೇನೆ. ಮುದುಕಿಗೆ ಸೊಕ್ಕು ಬಂತು ಎಂದು ಯಾರೋ ಅಂದರಂತೆ. ಸೊಕ್ಕು ಮೊದಲಿನಿಂದಲೂ ಇತ್ತು. ಆದರೆ ಈ ಸಲ ಅದಕ್ಕೆ ಕಾರಣವಿದೆ, ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ನಾನು ಯಲ್ಲಾಪುರ ತಾಲೂಕಿನ ವಜ್ರಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತೇಳು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಗಣಪ ನನ್ನ ಹಳೆಯ ವಿದ್ಯಾರ್ಥಿ. ಈಗ ಕೊನೆಗೌಡ, ಅಂದರೆ ಅಡಿಕೆ ಮರ ಹತ್ತಿ ಕೊನೆ, ಎಂದರೆ ಗೊನೆ, ಇಳಿಸುವವನು. ಮಳೆಗಾಲದಲ್ಲಿ ಅದೇ ಮರಗಳ ತುದಿಯಲ್ಲಿ ತೂಗಾಡುತ್ತ, ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಔಷಧಿ ಹೊಡೆಯುವವನೂ ಅವನೇ. ಆ ಔಷಧಿಗೆ ನಮ್ಮಲ್ಲಿ ಎಲ್ಲರೂ ಬೋರ್ಡೋ ಎನ್ನುತ್ತಾರೆ. ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ನೀರು ಮತ್ತು ಸುಣ್ಣದ ನೀರು ಎರಡನ್ನೂ ಹದವಾಗಿ ಕೂಡಿಸಿದರೆ ಆಕಾಶದ ಬಣ್ಣದ ಔಷಧಿ ಸಿದ್ಧ. ಬೋರ್ಡೋ ಎನ್ನುವುದು ಫ್ರಾನ್ಸಿನಲ್ಲಿರುವ ಊರು ಎಂಬುದು ಗೊತ್ತಿಲ್ಲದೆಯೇ ನಮ್ಮವರು ಮಳೆಗಾಲವಿಡೀ ಅದರ ಹೆಸರು ಹೇಳುತ್ತಾರೆ.

ಹಿಂದಿನ ಮಳೆಗಾಲದಲ್ಲಿ ಕ್ಲೇರ್ ಎಂಬ ಹುಡುಗಿ ಆ ಬೋರ್ಡೋದಿಂದಲೇ ಬಂದು ಎಂಟು ದಿನ ಗಣಪನ ಕೆಲಸ ನೋಡಿದಳು. ಆಕೆ ಅಲ್ಲಿ ಮಣ್ಣಿನ ವಿಜ್ಞಾನಿ. ಅವರ ಕಡೆ ಈಗ ಔಷಧಿ ಪುಡಿಯಾಗಿ ಚೀಲದಲ್ಲಿ ಬರುತ್ತದಂತೆ, ಕೈಯಾರೆ ಕಲಸುವವರು ಯಾರೂ ಉಳಿದಿಲ್ಲವಂತೆ. ಊರಿಗೆ ಮರಳಿದ ಮೇಲೆ ಒಂದು ಹಳ್ಳಿಯ ದ್ರಾಕ್ಷಿ ಬೆಳೆಗಾರರಿಂದ ಆಮಂತ್ರಣ ಕಳಿಸಿದಳು. ಮೇ ತಿಂಗಳಲ್ಲಿ ಸಭೆ, ಗಣಪ ಬಂದು ಔಷಧಿ ಕಲಸಿ ತೋರಿಸಬೇಕು, ಜೊತೆಗೆ ಮಾತು ತಿಳಿಸಲು ಒಬ್ಬರನ್ನು ಕರೆತರಬಹುದು. ಗಣಪ ಆ ಕಾಗದ ಹಿಡಿದು ಎರಡು ಬಸ್ಸು ಬದಲಿಸಿ ನಮ್ಮ ಮನೆಗೆ ಬಂದ.

“ಅಕ್ಕೋರೆ, ನೀವು ಬರೂದಾದ್ರೆ ಹೋಗ್ತೆ. ಇಲ್ದಿದ್ರೆ ಇಲ್ಲ” ಎಂದ. ಅಕ್ಕೋರು ಎಂದರೆ ನಮ್ಮ ಕಡೆ ಟೀಚರು.

“ನಾನ್ಯಾಕೋ? ಇಂಗ್ಲಿಷ್ ಮಾಸ್ತರು ಇದ್ದಾರಲ್ಲ.”

“ಅವ್ರಿಗೆ ಬರೀ ಇಂಗ್ಲಿಷ್ ಬತ್ತದೆ. ಸುಣ್ಣದ ಸಂಗ್ತಿ ಹೇಳೂಕೆ ವಿಜ್ಞಾನ ಬೇಕಲ್ರಾ.”

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಹಿಗ್ಗುತ್ತಿದ್ದೆ. ಗಣಪ ಹೇಳಿದ್ದಕ್ಕೆ ಎದೆಯಲ್ಲಿ ಮುಳ್ಳಾಡಿಸಿದಂತಾಯಿತು.

ಇಪ್ಪತ್ತನಾಲ್ಕು ವರ್ಷದ ಹಿಂದೆ ಅವನು ಹತ್ತನೇ ತರಗತಿ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಸ್ಥಾನಪಲ್ಲಟ ಕ್ರಿಯೆಗೆ ಉದಾಹರಣೆ ಕೊಟ್ಟು ವಿವರಿಸಿ ಎಂದು ಕೇಳಿದ್ದೆ, ಐದು ಅಂಕಕ್ಕೆ. ಪುಸ್ತಕದಲ್ಲಿ ಇದ್ದದ್ದು ಮೊಳೆ. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಅದ್ದಿಟ್ಟರೆ ಮೊಳೆಯ ಮೇಲೆ ಕಂದುಗೆಂಪು ತಾಮ್ರ ಕೂರುತ್ತದೆ. ಎಲ್ಲರೂ ಮೊಳೆ ಬರೆದರು. ಗಣಪ ಬರೆದದ್ದು ಹೀಗೆ: ‘ಔಷಧಿಗೆ ಕತ್ತಿ ಅದ್ದಿ ನೋಡಬೇಕು. ಕತ್ತಿ ಕೆಂಪಾದರೆ ಸುಣ್ಣ ಸಾಲದು. ಕತ್ತಿ ಇದ್ದ ಹಾಗೇ ಇದ್ದರೆ ಹೊಡೆಯಬಹುದು.’ ನಾನು ಅದರ ಮೇಲೆ ದೊಡ್ಡ ಸೊನ್ನೆ ಸುತ್ತಿ, ‘ಪಾಠ ಓದಿಕೊಂಡು ಬಾ’ ಎಂದು ಬರೆದೆ. ಅವನು ಬರಲೇ ಇಲ್ಲ. ಮುಖ್ಯ ಪರೀಕ್ಷೆಗೂ ಕೂರಲಿಲ್ಲ. ಆ ಮಳೆಗಾಲದಲ್ಲಿ ಒಂದು ತೋಟದ ಬದಿಯ ದಾರಿಯಲ್ಲಿ ಹೋಗುವಾಗ ಅವನು ಬ್ಯಾರಲ್ಲಿಗೆ ಕತ್ತಿ ಅದ್ದಿ ತೆಗೆದು ತಿರುವಿ ನೋಡುತ್ತಿದ್ದ. ಮೊಳೆಯೂ ಕಬ್ಬಿಣ, ಕತ್ತಿಯೂ ಕಬ್ಬಿಣ ಎಂದು ನನಗೆ ಹೊಳೆದದ್ದು ಆವಾಗ. ಕರೆದು ಹೇಳಬಹುದಿತ್ತು. ಅಕ್ಕೋರಿಗೂ ತಪ್ಪಾಗುತ್ತದೆ ಎಂದು ಒಪ್ಪಲು ನನಗೆ ಬರಲಿಲ್ಲ, ಕೊಡೆ ಓರೆ ಮಾಡಿಕೊಂಡು ಹೋದೆ.

ನಾವು ಫ್ರಾನ್ಸಿಗೆ ಹೊರಡುವ ಸುದ್ದಿ ಹಬ್ಬಿದ್ದೇ ಸಿದ್ದಾಪುರದಿಂದ ಅಣ್ಣಯ್ಯನ ಫೋನು. ನಮ್ಮ ಮನೆಮಾತಿನಲ್ಲಿ ಆನು ಎಂದರೆ ನಾನು.

“ತಂಗಿ, ಕೊನೆಗೌಡನ ಕರ್ಕಂಡು ಫ್ರಾನ್ಸಿಗೆ ಹೋಗ್ತ್ಯಡ, ಹೌದಾ?”

“ಆನು ಕರ್ಕಂಡು ಹೋಗ್ತಾ ಇಲ್ಲೆ ಅಣ್ಣಯ್ಯ. ಅವ್ನೇ ಎನ್ನ ಕರ್ಕಂಡು ಹೋಗ್ತಾ ಇದ್ದ.”

“ಅದೆಂತದೋ ಆಗ್ಲಿ. ನಮ್ಮ ಋಷಿಗಳಿಗೆ ಇದೆಲ್ಲ ಮೊದ್ಲೇ ಗೊತ್ತಿತ್ತು ಹೇಳಿ ಅಲ್ಲಿ ಒಂದು ಮಾತು ಹೇಳಿಕ್ಕೆ ಬಾ.”

“ಗೊತ್ತಿದ್ರೆ ನಮ್ಮ ಅಜ್ಜ ಎಂತಕ್ಕೆ ಕೊಳೆ ಬಂದ ಕಾಯಿ ರಾಶಿ ಹಾಕ್ಕಂಡು ಅಳ್ತಿದ್ದ? ಆನು ಸುಳ್ಳು ಹೇಳ್ತ್ನಿಲ್ಲೆ.”

ಅಣ್ಣಯ್ಯ ಫೋನಿಟ್ಟ. ಅವನು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ಬಂದವನು, ಲೆಕ್ಕದಲ್ಲಿ ಗಟ್ಟಿಗ, ಈ ಒಂದು ವಿಷಯದಲ್ಲಿ ಮಾತ್ರ ಪುರಾವೆ ಕೇಳುವುದಿಲ್ಲ.

ಹುಬ್ಬಳ್ಳಿ

ವೀಸಾದ ಕಾಗದಪತ್ರ ಮಾಡಿಸಿದ್ದು ಹುಬ್ಬಳ್ಳಿಯ ಏಜೆಂಟರ ಹತ್ತಿರ. ಒಳ್ಳೆಯ ಮನುಷ್ಯ, ಚಹಾ ತರಿಸಿದರು. ಗಣಪನ ಉದ್ಯೋಗ ಎಂಬಲ್ಲಿಗೆ ಬಂದಾಗ ಕೈ ನಿಂತಿತು.

“ಮೇಡಮ್ಮಾರ, ಕೂಲಿ ಅಂತ ಹಾಕಿಬಿಡೂಣೇನ್ರಿ?”

“ಬೇಡ. ನುರಿತ ಕೆಲಸಗಾರ, ಸಸ್ಯರೋಗ ನಿಯಂತ್ರಣ ಅಂತ ಹಾಕಿ.”

“ಸರ್ಟಿಫಿಕೇಟ್ ಕೇಳತಾರ್ರಿ ಅವರು.”

“ಕೇಳಲಿ. ಅರವತ್ತು ಅಡಿ ಮರದ ತುದಿಯಿಂದ ಪಕ್ಕದ ಮರಕ್ಕೆ ಕೈ ಚಾಚಿ ದಾಟುವವನು ಇನ್ನೂ ಬದುಕಿದ್ದಾನಲ್ಲ, ಅದೇ ಸರ್ಟಿಫಿಕೇಟ್ ಅನ್ನಿ.”

ಏಜೆಂಟರು ನಕ್ಕು ನಾನು ಹೇಳಿದಂತೆಯೇ ಬರೆದರು. ಗಣಪ ಕುರ್ಚಿಯ ತುದಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಅವನಿಗೆ ಇದ್ದ ಚಿಂತೆ ಒಂದೇ, ಮಳೆ ಹಿಡಿಯುವುದರೊಳಗೆ ಊರು ಮುಟ್ಟಬೇಕು. ಮೊದಲ ಔಷಧಿ ತಡವಾದರೆ ಅವನನ್ನು ನಂಬಿದ ತೋಟದವರಿಗೆ ಆ ವರ್ಷ ಕಾಯಿ ಉದುರುವುದೇ ಗತಿ.

ಬೋರ್ಡೋ ವಿಮಾನ ನಿಲ್ದಾಣ

ಕತ್ತಿಯನ್ನು ಗೋಣಿತಾಟಿನಲ್ಲಿ ಸುತ್ತಿ ದೊಡ್ಡ ಚೀಲದ ಅಡಿಯಲ್ಲಿ ಇಟ್ಟಿದ್ದೆವು. ಅದರ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಸಿಕ್ಕಿಬಿದ್ದದ್ದು ಕವಳದ, ಅಂದರೆ ಎಲೆಯಡಿಕೆಯ, ಚೀಲ.

ಗಣಪ ಎಲೆ, ಅಡಿಕೆ, ಸುಣ್ಣದ ಡಬ್ಬಿ ಮೂರನ್ನೂ ಒಂದು ಬಟ್ಟೆಯ ಚೀಲದಲ್ಲಿ ಕಟ್ಟಿ ಚಡ್ಡಿ ಬನಿಯನ್ನುಗಳ ನಡುವೆ ಸೇರಿಸಿದ್ದ. ತಪಾಸಣೆಯ ಹೆಂಗಸು ಡಬ್ಬಿ ತೆರೆದು ಬಿಳಿ ಮುದ್ದೆಯನ್ನು ನೋಡಿ ನನ್ನ ಕಡೆ ತಿರುಗಿದಳು. ನಾನು ಕನ್ನಡಕ ಸರಿಮಾಡಿಕೊಂಡು, ಪಾಠ ಹೇಳುವ ದನಿಯಲ್ಲಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂದೆ. ಅದು ನನ್ನ ದಡ್ಡತನ. ರಾಸಾಯನಿಕದ ಹೆಸರು ಕೇಳಿದ್ದೇ ಆಕೆ ಇನ್ನೊಬ್ಬನನ್ನು ಕರೆದಳು, ಅವನು ಮತ್ತೊಬ್ಬನನ್ನು. ಮೂವರು ಕೈಗವಸು ಹಾಕಿಕೊಂಡು ಡಬ್ಬಿಯ ಸುತ್ತ ನಿಂತರು.

“ಅಕ್ಕೋರೆ, ನೀವು ಸ್ವಲ್ಪ ಸುಮ್ನಿರಿ” ಎಂದು ಗಣಪ ಮೆಲ್ಲಗೆ ಹೇಳಿದ. ಎಲೆ ತೆಗೆದು ತೊಡೆಗೆ ಒರೆಸಿ, ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ ಬಾಯಿಗೆ ಹಾಕಿಕೊಂಡು ಅವರ ಎದುರೇ ಅಗಿದ. ಮೂವರೂ ಅವನ ದವಡೆಯನ್ನೇ ನೋಡುತ್ತಿದ್ದರು. ಅವನಿಗೆ ಏನೂ ಆಗಲಿಲ್ಲ, ಅವರಿಗೆ ನಗು ಬಂತು. ಆದರೆ ಕಾನೂನು ಕಾನೂನೇ. ಹಸಿ ಎಲೆ, ಕಾಯಿ ದೇಶದೊಳಗೆ ಬರಕೂಡದೆಂದು ಎಲೆ ಅಡಿಕೆಗಳು ಕಸದ ಬುಟ್ಟಿಗೆ ಹೋದವು. ಸುಣ್ಣದ ಡಬ್ಬಿಯನ್ನು ಮಾತ್ರ ಗೌರವದಿಂದ ಮರಳಿಸಿದರು. ಉಗುಳಲು ಜಾಗ ಹುಡುಕುತ್ತ ಗಣಪ ಪಟ್ಟ ಪಾಡು ಬೇರೆಯೇ ಕಥೆ, ಅದನ್ನು ಬಿಡುತ್ತೇನೆ.

“ಎಲೆ ಇಲ್ಲ, ಅಡಿಕೆ ಇಲ್ಲ. ಈ ಸುಣ್ಣ ಇಟ್ಕಂಡು ನಾಲ್ಕು ದಿನ ಎಂತ ಮಾಡೂದ್ರಾ?” ಎಂದು ಅವನು ದಾರಿಯುದ್ದಕ್ಕೂ ಗೊಣಗಿದ. ಕ್ಲೇರ್ ಕಾರು ಓಡಿಸುತ್ತ ಏನಾಯಿತೆಂದು ಕೇಳಿದಳು. ನನಗೆ ಹೇಳಲು ನಾಚಿಕೆಯಾಯಿತು.

ರಸ್ತೆ ಬದಿಯ ಹಲಗೆ

ದಾರಿಯಲ್ಲಿ ಕ್ಲೇರ್ ಒಂದು ದ್ರಾಕ್ಷಿ ತೋಟದ ಬದಿ ಕಾರು ನಿಲ್ಲಿಸಿದಳು. ಎದೆಮಟ್ಟದ ಬಳ್ಳಿಗಳು ಸಾಲುಸಾಲಾಗಿ ಶಿಸ್ತಿನಿಂದ ನಿಂತಿದ್ದವು. ಗಣಪನಿಗೆ ಮರುಕ ಬಂತು. ಇಷ್ಟು ಗಿಡ್ಡ ಗಿಡಕ್ಕೆ ಔಷಧಿ ಹೊಡೆಯುವುದು ಕೆಲಸವೇ ಎಂಬಂತೆ ನೋಡಿದ. ಅಲ್ಲೊಂದು ಹಲಗೆ ಇತ್ತು. ಕ್ಲೇರ್ ಓದಿ ಹೇಳಿದಳು.

ಬಹಳ ಹಿಂದೆ ಈ ಸೀಮೆಯ ಬಳ್ಳಿಗಳಿಗೆಲ್ಲ ರೋಗ ಬಂದು ಎಲೆ ಉದುರಿದ್ದವು. ರಸ್ತೆ ಬದಿಯ ಸಾಲುಗಳಲ್ಲಿ ಮಾತ್ರ ಎಲೆ ಹಸಿರಾಗಿತ್ತು. ಆ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಪ್ರಾಧ್ಯಾಪಕನಿಗೆ ಇದು ಯಾಕೆ ಹೀಗೆ ಎನಿಸಿತು. ವಿಚಾರಿಸಿದರೆ, ದಾರಿಹೋಕರು ಹಣ್ಣು ಕದಿಯದಿರಲಿ ಎಂದು ತೋಟದವರು ಬಳ್ಳಿಗೆ ಮೈಲುತುತ್ತ ಮತ್ತು ಸುಣ್ಣ ಬಳಿದು ವಿಷ ಹಚ್ಚಿದಂತೆ ಕಾಣುವ ಹಾಗೆ ಮಾಡಿದ್ದರು. ಕಳ್ಳರನ್ನು ಹೆದರಿಸಲು ಹಾಕಿದ್ದು ರೋಗವನ್ನೇ ಓಡಿಸಿತ್ತು. ಪ್ರಾಧ್ಯಾಪಕ ಅದನ್ನು ವರ್ಷಗಟ್ಟಲೆ ಪರೀಕ್ಷೆ ಮಾಡಿ ಜಗತ್ತಿಗೆ ಕೊಟ್ಟ.

“ಹಲಗೆ ಮೇಲೆ ಯಾರ ಹೆಸ್ರು ಅದೆ?” ಎಂದು ಗಣಪ ಕೇಳಿದ.

“ಪ್ರಾಧ್ಯಾಪಕರದ್ದು.”

“ತೋಟದವ್ನದ್ದು?”

“ಇಲ್ಲ.”

“ಹಚ್ಚಿದಂವ ಅಂವ. ಹೆಸ್ರು ಇವ್ರದ್ದಾ?”

ನಾನು ಪ್ರಾಧ್ಯಾಪಕರ ಪರ ವಹಿಸಿದೆ. ಹಚ್ಚಿದವನಿಗೆ ಕಳ್ಳರ ಮೇಲೆ ಕಣ್ಣಿತ್ತು, ಎಲೆಯ ಮೇಲೆ ಇರಲಿಲ್ಲ. ಯಾಕೆ ಎಂದು ಕೇಳಿ, ಎಷ್ಟು ಮೈಲುತುತ್ತಕ್ಕೆ ಎಷ್ಟು ಸುಣ್ಣ ಎಂದು ನೋಡಿ, ಎಲ್ಲರಿಗೂ ಹೇಳಿದವರು ಅವರೇ ತಾನೆ ಎಂದೆ. ಗಣಪ ಒಪ್ಪಿದ, ಅರ್ಧ. “ಅವ್ರ ಹೆಸ್ರು ಇರ್ಲಿ. ಪಕ್ಕದಲ್ಲಿ ಇವ್ನದ್ದೂ ಹಾಕ್ಬಹುದಿತ್ತು. ಹಲಗೆ ಅಗಲ ಅದೆಯಲ್ರಾ.” ಹಲಗೆ ನಿಜವಾಗಿಯೂ ಅಗಲವಾಗಿತ್ತು. ಇಪ್ಪತ್ತೇಳು ವರ್ಷ ಮಕ್ಕಳಿಗೆ ಯಾರು ಏನು ಕಂಡುಹಿಡಿದರು ಎಂದು ಹೊಂದಿಸಿ ಬರೆಸಿದವಳು ನಾನು. ಎಡಗಡೆ ಹೆಸರು, ಬಲಗಡೆ ಸಂಶೋಧನೆ. ಹೆಸರಿಲ್ಲದವರಿಗೆ ನನ್ನ ಪಟ್ಟಿಯಲ್ಲೂ ಜಾಗ ಇರಲಿಲ್ಲ.

ಮಾರ್ಸೆಲ್‌ನ ಮೇಜು

ನಾವು ಉಳಿದದ್ದು ಮಾರ್ಸೆಲ್ ಎಂಬ ಎಪ್ಪತ್ತು ದಾಟಿದ ಬೆಳೆಗಾರನ ಮನೆಯಲ್ಲಿ. ಬಾಗಿಲಲ್ಲೇ ಅವನು ನನ್ನ ಎರಡೂ ಕೆನ್ನೆಗೆ ಕೆನ್ನೆ ತಾಗಿಸಿದ. ನಾನು ಮರದ ಹಾಗೆ ನಿಂತೆ. ಗಣಪ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದು ಪಾರಾದ.

ಅಲ್ಲಿನವರು ಬ್ರೆಡ್ಡನ್ನು ತಟ್ಟೆಯಲ್ಲಿ ಇಡುವುದಿಲ್ಲ, ಮೇಜಿನ ಬಟ್ಟೆಯ ಮೇಲೆಯೇ ಇಡುತ್ತಾರೆ. ಎಂಜಲು ಮುಸುರೆ ಎಂದು ಬೆಳೆದ ನನಗೆ ಅದನ್ನು ನೋಡಿ ಕೈ ತಡೆಯಿತು. ಊಟಕ್ಕೆ ಎರಡು ತಾಸು. ಆ ಹೊತ್ತಿನಲ್ಲಿ ಅಂಗಡಿ, ಅಂಚೆ ಎಲ್ಲ ಮುಚ್ಚಿ, ಊರು ನಮ್ಮ ಶಿರಸಿಯ ಮಧ್ಯಾಹ್ನಕ್ಕಿಂತ ಹೆಚ್ಚು ನಿದ್ದೆ ಹೋಗುತ್ತದೆ. ನಾವು ಸೋಮಾರಿಗಳು, ಅವರು ದುಡಿದು ಮುಂದೆ ಬಂದರು ಎಂದು ಭಾಷಣ ಮಾಡುವವರನ್ನು ಒಮ್ಮೆ ಆ ಮೇಜಿನ ಮುಂದೆ ಕೂರಿಸಬೇಕು.

ಅಡುಗೆಮನೆಯ ಗೋಡೆಗೆ ಒಂದು ಪಟ್ಟಿ ತೂಗುಹಾಕಿತ್ತು. ಮಾರ್ಸೆಲ್ ದಿನಾ ಮಳೆ ಅಳೆದು ಅದರಲ್ಲಿ ಬರೆಯುತ್ತಾನೆ. ಗಣಪನಿಗೆ ಅದನ್ನು ಕಂಡು ಮನೆಗೆ ಬಂದಷ್ಟು ಸಂತೋಷವಾಯಿತು. ನಮ್ಮಲ್ಲಿಯೂ ಮಳೆಗಾಲದಲ್ಲಿ ಫೋನು ಮಾಡಿದರೆ ಮೊದಲು ಕೇಳುವುದು ಎಷ್ಟು ಇಂಚು ಬಂತು ಎಂದೇ. ಗಣಪ ಬೆರಳಲ್ಲಿ ಇಂಚು ತೋರಿಸಿದ, ಮಾರ್ಸೆಲ್ ತನ್ನ ಅಳತೆಯಲ್ಲಿ ಹೇಳಿದ, ನಾನು ಮಧ್ಯೆ ಗುಣಿಸಿ ಕೊಟ್ಟೆ. ನಮ್ಮ ಒಂದು ಮಳೆಗಾಲದ ಮೊತ್ತ ಕೇಳಿ ಮಾರ್ಸೆಲ್ ನನಗೆ ಗುಣಾಕಾರ ಬರುವುದಿಲ್ಲ ಎಂದು ತಿಳಿದ.

ಊಟದ ಕೊನೆಗೆ ಕ್ಲೇರ್ ತನ್ನ ಕೆಲಸದ ಮಾತು ತೆಗೆದಳು. ತಲೆಮಾರುಗಳಿಂದ ಹೊಡೆದ ತಾಮ್ರ ಈ ಮಣ್ಣಿನಲ್ಲಿಯೇ ಕೂತಿದೆ, ಎಲ್ಲಿಗೂ ಹೋಗುವುದಿಲ್ಲ ಎಂದಳು. ನಾನು ಗಣಪನಿಗೆ ಹೇಳಿದೆ. ಅವನು ತಲೆಯಾಡಿಸಿದ.

“ಹೌದ್ರಾ. ಔಷಧಿ ಸೋರಿದ ಬುಡದಲ್ಲಿ ಎರೆಹುಳ ಕಮ್ಮಿ. ನಾ ಕೆದಕಿ ನೋಡಿದ್ದೆ. ಅದ್ಕೇ ಈಗ ಕೊನೆಗೆ ಹಿಡಿದಷ್ಟೇ ಹೊಡೆಯೂದು, ಸುರಿಸೂದಿಲ್ಲ.”

ಕ್ಲೇರ್ ಚಮಚ ಕೆಳಗಿಟ್ಟು ತನ್ನ ಪುಸ್ತಕ ತೆಗೆದಳು. ಎಷ್ಟು ಆಳಕ್ಕೆ ಕೆದಕಿದೆ, ಯಾವ ತಿಂಗಳು, ಔಷಧಿ ಬೀಳದ ಬುಡವನ್ನೂ ನೋಡಿದೆಯಾ ಎಂದು ಒಂದೊಂದೇ ಕೇಳಿದಳು. ಅವನು ಎಲ್ಲದಕ್ಕೂ ಉತ್ತರ ಹೇಳಿದ. ಎರಡೂ ಬುಡ ನೋಡಿದ್ದ. ಅಳುತ್ತಿದ್ದ ನನ್ನ ಅಜ್ಜನ ಬೆಳೆಯನ್ನು ಕೊನೆಗೂ ಉಳಿಸಿದ ಔಷಧಿ ನನ್ನ ಕಾಲದಲ್ಲಿ ಮಣ್ಣಿಗೆ ಕಂಟಕವಾಗುತ್ತಿದೆ, ಅದನ್ನು ಗಮನಿಸಿದವರು ಒಬ್ಬಳು ಈ ಮೇಜಿನ ಆ ಬದಿ, ಒಬ್ಬ ಈ ಬದಿ ಕೂತಿದ್ದಾರೆ ಎನಿಸಿತು. ಪ್ರಗತಿ ಎಂದರೆ ಮೆಟ್ಟಿಲು ಹತ್ತಿದಂತೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಈಗ ಹಾಗೆ ಹೇಳಲಾರೆ. ಹಾಕಿದ್ದನ್ನು ಮತ್ತೆ ಮತ್ತೆ ಕೆದಕಿ ನೋಡುವವರು ಇರುವಷ್ಟು ದಿನ ಮಾತ್ರ ಅದು ನಡೆಯುತ್ತದೆ.

ಸಭೆಯ ಬೆಳಿಗ್ಗೆ

ಸಭೆಯ ಪಟ್ಟಿ ಕೈಗೆ ಬಂದಾಗ ನನ್ನ ತಲೆ ಬಿಸಿಯಾಯಿತು. ಬೆಳಿಗ್ಗೆ ‘ವಿಜ್ಞಾನ’, ಮೂವರು ಪ್ರಾಧ್ಯಾಪಕರು. ಊಟದ ಮೇಲೆ ‘ಪೂರ್ವ ದೇಶದ ವಿವೇಕ’, ಗಣಪ, ಕೊಳಲಿನ ಜೊತೆ. ಕೊಳಲು ಊದುವವ ಅದೇ ಊರಿನವನು.

ನಿರೂಪಕ ಕೊರಳಿಗೆ ರೇಷ್ಮೆ ವಸ್ತ್ರ ಸುತ್ತಿದ ಸಂಭಾವಿತ. ಗಣಪನ ಇಸ್ತ್ರಿ ಮಾಡಿದ ಪ್ಯಾಂಟು ಶರ್ಟು ನೋಡಿ ಅವನಿಗೆ ಸ್ವಲ್ಪ ನಿರಾಸೆಯಾದದ್ದು ನನಗೆ ಕಾಣಿಸಿತು. ಇವನ ಹೆಸರನ್ನು ಬೆಳಗಿನ ಪಟ್ಟಿಗೆ ಸೇರಿಸಿ ಎಂದೆ. ಅವನು ಕೈಯನ್ನು ಎದೆಯ ಮೇಲಿಟ್ಟು, ಅಮ್ಮಾ, ವಿವೇಕ ವಿಜ್ಞಾನಕ್ಕಿಂತ ದೊಡ್ಡದು, ನಾವು ಅದನ್ನು ಕಳೆದುಕೊಂಡಿದ್ದೇವೆ, ನೀವು ಉಳಿಸಿಕೊಂಡಿದ್ದೀರಿ ಎಂದ.

“ಹಾಗಾದರೆ ಒಂದು ಕೆಲಸ ಮಾಡಿ. ನಿಮ್ಮ ಪ್ರಾಧ್ಯಾಪಕರನ್ನು ಊಟದ ಮೇಲೆ ಕೊಳಲಿನ ಜೊತೆ ಇಡಿ. ದೊಡ್ಡ ಗೌರವ ಅವರಿಗೇ ಸಿಗಲಿ” ಎಂದೆ.

ಕ್ಲೇರ್ ತುಟಿ ಕಚ್ಚಿ ನಗು ತಡೆದಳು. ಪಟ್ಟಿ ಬದಲಾಗಲಿಲ್ಲ. ಅಣ್ಣಯ್ಯನಿಗೆ ಗಣಪನ ಕೆಲಸವನ್ನು ಋಷಿಗಳ ಲೆಕ್ಕಕ್ಕೆ ಸೇರಿಸುವ ಆಸೆ, ಇವರಿಗೆ ಗಣಪನನ್ನೇ ಋಷಿ ಮಾಡುವ ಆಸೆ. ಎರಡರಲ್ಲೂ ಅವನಿಗೆ ಪ್ರಶ್ನೆ ಕೇಳುವವರು ಯಾರೂ ಇಲ್ಲ. ಋಷಿಗೆ ಅಡ್ಡಬೀಳುತ್ತಾರೆ, ಫೋಟೋ ತೆಗೆಯುತ್ತಾರೆ. ಹೇಗೆ ಗೊತ್ತು, ತೋರಿಸು ಎಂದು ಕೇಳುವುದು ಸರೀಕರನ್ನು ಮಾತ್ರ. ನನಗೆ ಬೇಕಿದ್ದದ್ದು ಆ ಒಂದು ಪ್ರಶ್ನೆ. ಅದನ್ನು ಯಾರಾದರೂ ಅವನಿಗೆ ಕೇಳಲಿ ಎಂದು ಆ ಬೆಳಿಗ್ಗೆ ಇಡೀ ಕಾಯುತ್ತ ಕೂತಿದ್ದೆ. ನಾನು ಕೇಳದೆ ಬಿಟ್ಟ ಪ್ರಶ್ನೆಯೂ ಅದೇ ಆಗಿತ್ತು.

ಬ್ಯಾರಲ್

ಊಟದ ಮೇಲೆ ಎ‌ಲ್ಲರೂ ಮಾರ್ಸೆಲ್‌ನ ತೋಟದ ಅಂಚಿಗೆ ಬಂದರು. ಸಮಯ ಉಳಿಯಲೆಂದು ಬೆಳೆಗಾರರ ಸಂಘದವರೇ ಪುಸ್ತಕ ನೋಡಿ ತೂಕ ಮಾಡಿ ಔಷಧಿ ಕಲಸಿಟ್ಟಿದ್ದರು. ಗಣಪ ಕೋಲಿನಿಂದ ನಾಲ್ಕು ಸಲ ತಿರುಗಿಸಿ, ರಸ್ತೆ ಬದಿಯ ಎರಡು ಸಾಲಿಗೆ ಹೊಡೆದು ತೋರಿಸಿದರೆ ಮುಗಿಯಿತು. ಆ ಎರಡು ಸಾಲು ಮಾರ್ಸೆಲ್‌ನ ಅಪ್ಪ ನೆಟ್ಟದ್ದಂತೆ. ಕೊಳಲು ಶುರುವಾಯಿತು.

ಗಣಪ ಕೋಲು ಮುಟ್ಟಲಿಲ್ಲ. ಬ್ಯಾರಲ್ಲಿಗೆ ಬಗ್ಗಿ ನೋಡಿದ. “ಅಕ್ಕೋರೆ, ಬಣ್ಣ ಸರಿ ಇಲ್ಲ. ಅಡಿಗೆ ಇಳೀತಾ ಅದೆ” ಎಂದ. ಆಮೇಲೆ ಗೋಣಿತಾಟು ಬಿಚ್ಚಿ ಕತ್ತಿ ತೆಗೆದು ಅದ್ದಿದ. ಕತ್ತಿ ಕಂಡು ಮುಂದಿನ ಸಾಲಿನವರು ಸ್ವಲ್ಪ ಹಿಂದೆ ಸರಿದರು. ಅವನು ಕವಳ ಅಗಿಯುವವನಂತೆ ಬಾಯಿ ಆಡಿಸುತ್ತ ನಿಂತ, ಬಾಯಲ್ಲಿ ಏನೂ ಇರಲಿಲ್ಲ. ಹೊರಗೆ ತೆಗೆದಾಗ ಅಲಗು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

“ಸತ್ತ ಸುಣ್ಣ ಹಾಕಿದಾರೆ. ನಾ ಹೊಡೆಯೂದಿಲ್ಲ.”

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಕ್ಲೇರ್ ಫ್ರೆಂಚಿನಲ್ಲಿ ಹೇಳಿದಳು. ನಿರೂಪಕ ಗಡಿಯಾರ ನೋಡಿ, ತೂಕ ಸರಿಯಾಗಿದೆ, ಜನ ಕಾಯುತ್ತಿದ್ದಾರೆ, ಸುಮ್ಮನೆ ಎರಡು ಸಲ ಹೊಡೆಯಲಿ ಎಂದ. ಗಣಪ ಔಷಧಿ ಹೊಡೆಯುವ ಪಂಪಿನ ಕೋಲನ್ನು ಎತ್ತಿ ಹುಲ್ಲಿನ ಮೇಲೆ ಮಲಗಿಸಿ ಕೈ ಕಟ್ಟಿಕೊಂಡ. ಕೊಳಲು ನಿಂತಿತು. ಮಾರ್ಸೆಲ್ ಗುಂಪಿನಿಂದ ಮುಂದೆ ಬಂದು ಗಣಪನ ಮುಖ ನೋಡಿ ಏನೋ ಕೇಳಿದ.

“ಹೇಗೆ ಗೊತ್ತು, ಎಂದು ಕೇಳುತ್ತಿದ್ದಾನೆ” ಎಂದಳು ಕ್ಲೇರ್.

ನಾನು ಅದನ್ನು ಕನ್ನಡದಲ್ಲಿ ಗಣಪನಿಗೆ ಹೇಳಿದೆ. ಅವನು ಯೋಚಿಸಲಿಲ್ಲ.

“ಔಷಧಿಗೆ ಕತ್ತಿ ಅದ್ದಿ ನೋಡ್ಬೇಕು. ಕತ್ತಿ ಕೆಂಪಾದ್ರೆ ಸುಣ್ಣ ಸಾಲ್ದು. ಕತ್ತಿ ಇದ್ದಾಂಗೇ ಇದ್ರೆ ಹೊಡೀಬಹುದು.”

ಅದೇ ಮಾತು. ಅದೇ ಮೂರು ಸಾಲು. ಮೂರನ್ನೂ ಇಂಗ್ಲಿಷಿಗೆ ತಿರುಗಿಸಿ, ಒಂದು ಪದವನ್ನೂ ಬಿಡದೆ ಹೇಳಿದೆ.

ಗಣಪ ಎರಡು ಗಾಜಿನ ಜಗ್ಗು ಕೇಳಿ ಪಡೆದ. ಎರಡಕ್ಕೂ ಅದೇ ಬ್ಯಾರಲ್ಲಿನ ಔಷಧಿ ತುಂಬಿದ. ಜೇಬಿನಿಂದ ಸುಣ್ಣದ ಡಬ್ಬಿ ತೆಗೆದು, ಒಂದಕ್ಕೆ ಹೆಬ್ಬೆರಳಿನಷ್ಟು ಕವಳದ ಸುಣ್ಣ ಹಾಕಿ ಕದಡಿದ. ಇನ್ನೊಂದನ್ನು ಹಾಗೇ ಬಿಟ್ಟ. ಸುಣ್ಣ ಬಿದ್ದದ್ದು ನೋಡುತ್ತಿದ್ದಂತೆಯೇ ಆಕಾಶದ ಬಣ್ಣಕ್ಕೆ ಬಂತು. ಕತ್ತಿಯನ್ನು ಮರಳಿನಲ್ಲಿ ಉಜ್ಜಿ ಬೆಳಗಿ ಅದಕ್ಕೆ ಅದ್ದಿದ. ಅಲಗು ಕೆಂಪಾಗಲಿಲ್ಲ. ಮತ್ತೆ ಇನ್ನೊಂದಕ್ಕೆ ಅದ್ದಿದ. ಕೆಂಪಾಯಿತು. ಕ್ಲೇರ್ ತನ್ನ ಚೀಲದಿಂದ ಪರೀಕ್ಷೆಯ ಕಾಗದದ ಪಟ್ಟಿ ತೆಗೆದು ಎರಡಕ್ಕೂ ಅದ್ದಿ, ಇವರು ಹೇಳುವುದು ಸರಿ, ಬ್ಯಾರಲ್ಲಿನದು ಇನ್ನೂ ಆಮ್ಲೀಯವಾಗಿಯೇ ಇದೆ, ಹೊಡೆದರೆ ಎಲೆ ಸುಡುತ್ತದೆ ಎಂದಳು. ಸುಣ್ಣದ ಚೀಲ ಬಾಯಿ ತೆರೆದುಕೊಂಡು ಕೊಟ್ಟಿಗೆಯಲ್ಲಿ ಎಷ್ಟೋ ಕಾಲದಿಂದ ಬಿದ್ದಿತ್ತಂತೆ, ಗಾಳಿ ತಾಗಿ ಸುಣ್ಣ ಸತ್ವ ಕಳೆದುಕೊಂಡಿತ್ತು. ಮಾರ್ಸೆಲ್ ಜೇಬಿನಿಂದ ಬಳ್ಳಿ ಸವರುವ ಬಾಗುಚಾಕು ತೆಗೆದು ತಾನೂ ಅದ್ದಿದ. ನನ್ನ ಅಜ್ಜ ಹೀಗೆಯೇ ಮಾಡುತ್ತಿದ್ದ, ನಾವು ಅದನ್ನು ಮುದುಕನ ಮೂಢನಂಬಿಕೆ ಎಂದು ನಗುತ್ತಿದ್ದೆವು ಎಂದ.

ಜನ ಚಪ್ಪಾಳೆ ತಟ್ಟಿದರು. ನಿರೂಪಕನಿಗೆ ಜೀವ ಬಂತು. ಮೈಕು ಹಿಡಿದು, ಪ್ರಾಚೀನ ಭಾರತದ ವಿವೇಕಕ್ಕೆ ನಮಸ್ಕಾರ ಎಂದು ಶುರುಮಾಡಿದ. ಅದನ್ನು ಕ್ಲೇರ್ ನನಗೆ ಹೇಳಿದ್ದೇ ತಡ, ನಾನು ಹೋಗಿ ಮೈಕಿಗೆ ಕೈ ಹಾಕಿ ಇಂಗ್ಲಿಷಿನಲ್ಲಿ ಹೇಳಿದೆ.

“ಪ್ರಾಚೀನವಲ್ಲ. ಈ ಔಷಧಿ ನಿಮ್ಮ ಊರಿನದು. ಇದು ಬರುವ ಮೊದಲು ನಮ್ಮವರು ಅಡಿಕೆ ಕೊನೆಗೆ ಮಳೆ ತಾಗದಂತೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಿದ್ದರು, ಆದರೂ ಕೊಳೆ ಬರುತ್ತಿತ್ತು. ಕತ್ತಿ ಅದ್ದುವುದನ್ನು ನಿಮ್ಮವರು ಕಲಿಸಿದರೋ, ನಮ್ಮವರು ಕಂಡುಕೊಂಡರೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಮ್ಮದು ಎನ್ನುವುದಿಲ್ಲ. ಇವನು ಋಷಿಯಲ್ಲ. ಎರಡು ಜಗ್ಗು ಇಟ್ಟ, ಒಂದಕ್ಕೆ ಸುಣ್ಣ ಹಾಕಿದ, ಒಂದಕ್ಕೆ ಹಾಕಲಿಲ್ಲ, ಎರಡನ್ನೂ ನಿಮ್ಮ ಕಣ್ಣೆದುರು ನೋಡಿದ. ಇದನ್ನು ವಿಜ್ಞಾನ ಎನ್ನದಿದ್ದರೆ ಬೆಳಿಗ್ಗೆ ಮಾತಾಡಿದವರದ್ದೂ ವಿಜ್ಞಾನವಲ್ಲ. ಇಪ್ಪತ್ತನಾಲ್ಕು ವರ್ಷದ ಹಿಂದೆ ಇವನು ಇದೇ ಉತ್ತರವನ್ನು ಪರೀಕ್ಷೆಯಲ್ಲಿ ಬರೆದ. ಒಬ್ಬ ಟೀಚರು ಸೊನ್ನೆ ಕೊಟ್ಟಳು. ಆ ಟೀಚರು ನಾನು.”

ಕ್ಲೇರ್ ಕೊನೆಯ ವಾಕ್ಯಕ್ಕೆ ನನ್ನ ಮುಖ ನೋಡಿದಳು, ಆಮೇಲೆ ಫ್ರೆಂಚಿನಲ್ಲಿ ಹೇಳಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೆಳಗಿನ ಪ್ರಾಧ್ಯಾಪಕರಲ್ಲಿ ಒಬ್ಬರು ಮುಂದೆ ಬಂದು ಗಣಪನಿಗೆ ಕೈಕೊಟ್ಟು, ಸುಣ್ಣ ಸತ್ತಿದೆಯೋ ಎಂದು ಕಲಸುವ ಮೊದಲೇ ತಿಳಿಯುವುದು ಹೇಗೆ ಎಂದು ಕೇಳಿದರು. ಗಣಪ ಹುಲ್ಲಿನ ಮೇಲೆ ಕೂತು ತೋರಿಸತೊಡಗಿದ. ನಾನೂ ಪಕ್ಕದಲ್ಲಿ ಕೂತೆ.

“ಮೈಕಿನಲ್ಲಿ ಎಂತ ಹೇಳಿದ್ರಿ ಅಕ್ಕೋರೆ?” ಎಂದು ಮಧ್ಯೆ ಕೇಳಿದ.

“ಸುಣ್ಣದ ಸಂಗತಿ” ಎಂದೆ.

ಮರಳುವ ವಿಮಾನ

ವಿಮಾನ ಏರಿದ ಮೇಲೆ ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ. ಹೇಳಿಬಿಟ್ಟೆ. ಮೈಕಿನಲ್ಲಿ ಹೇಳಿದ್ದನ್ನೂ ಹೇಳಿದೆ, ಕೊಡೆ ಓರೆ ಮಾಡಿಕೊಂಡು ಹೋದದ್ದನ್ನೂ ಹೇಳಿದೆ. ಗಣಪ ಕಿಟಕಿಯ ಹೊರಗೆ ನೋಡುತ್ತಿದ್ದ.

“ಸೊನ್ನೆ ನೆನಪದೆ. ಅಪ್ಪಂಗೆ ತೋರಿಸ್ದೆ. ವಿಜ್ಞಾನದಲ್ಲಿ ಕತ್ತಿ ಬರೂದಿಲ್ಲ ಕಾಣ್ತದೆ, ಬಾ ಮರಕ್ಕೆ ಅಂದ.” ಆಮೇಲೆ ನನ್ನ ಕಡೆ ತಿರುಗಿ, “ಸಿಟ್ಟು ಇತ್ತು ಅಕ್ಕೋರೆ. ಇಲ್ಲ ಅಂದ್ರೆ ಸುಳ್ಳಾಗ್ತದೆ” ಎಂದ.

“ಇರಬೇಕಾದ್ದೇ.”

“ಈಗ ಕೊಟ್ರೆ ಎಷ್ಟು ಕೊಡ್ತಿದ್ರಿ?”

“ಐದಕ್ಕೆ ನಾಲ್ಕು.”

“ಒಂದು ಯಾಕೆ ಹೋತು?”

“ಸಮೀಕರಣ ಬರೆದಿಲ್ಲ.”

ಅವನಿಗೆ ನಗು ಬಂತು. ನನಗೆ ಬರಲಿಲ್ಲ, ನಾನು ನಿಜವಾಗಿಯೇ ಹೇಳಿದ್ದೆ. ಕರುಣೆಯಿಂದ ಕೊಟ್ಟ ಅಂಕ ಅವನಿಗೆ ಬೇಡ, ನನಗೂ ಬೇಡ. ಎದುರು ಸೀಟಿನ ಜೇಬಿನಲ್ಲಿ ವಾಂತಿ ಮಾಡಲು ಇಟ್ಟ ಕಾಗದದ ಚೀಲ ಇತ್ತು. ಅದರ ಮೇಲೆ ಬರೆದು ತೋರಿಸಿದೆ. ಎಡಗಡೆ ಕಬ್ಬಿಣ ಮತ್ತು ತಾಮ್ರದ ಸಲ್ಫೇಟು, ಮಧ್ಯೆ ಬಾಣ, ಬಲಗಡೆ ಕಬ್ಬಿಣದ ಸಲ್ಫೇಟು ಮತ್ತು ತಾಮ್ರ. ಕಬ್ಬಿಣ ಕರಗುತ್ತದೆ, ತಾಮ್ರ ಅದರ ಜಾಗದಲ್ಲಿ ಕೂರುತ್ತದೆ, ಕತ್ತಿ ಕೆಂಪಾಗುವುದು ಹೀಗೆ ಎಂದು ವಿವರಿಸಿದೆ. ಅವನು ಚೀಲವನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

“ಇದ್ರಲ್ಲಿ ಸುಣ್ಣ ಎಲ್ಲದೆ ಅಕ್ಕೋರೆ?”

“ಇದರಲ್ಲಿ ಸುಣ್ಣ ಬರುವುದಿಲ್ಲ.”

“ಹಂಗಾರೆ ಇದು ಅರ್ಧ ಉತ್ರ. ಕತ್ತಿ ಯಾಕೆ ಕೆಂಪಾತು ಹೇಳ್ತದೆ. ಸುಣ್ಣ ಬಿದ್ಮೇಲೆ ಯಾಕೆ ಆಗ್ಲಿಲ್ಲ ಅನ್ನೂದು ಇದ್ರಲ್ಲಿ ಇಲ್ಲ.”

ಇಪ್ಪತ್ತೇಳು ವರ್ಷ ಆ ಸಮೀಕರಣವನ್ನು ಕರಿಹಲಗೆಯ ಮೇಲೆ ಬರೆದು ಪೂರ್ತಿ ಅಂಕ ಕೊಟ್ಟಿದ್ದೇನೆ. ಒಬ್ಬರೂ ಇದನ್ನು ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಚೀಲ ತಿರುಗಿಸಿ ಎರಡನೆಯ ಸಮೀಕರಣಕ್ಕೆ ಕೂತೆ. ಸುಣ್ಣ ತಾಮ್ರವನ್ನು ಹಿಡಿದುಕೊಳ್ಳುತ್ತದೆ, ಕತ್ತಿಯ ಮೇಲೆ ಕೂರಲು ಬಿಡಿ ತಾಮ್ರ ಉಳಿಯುವುದಿಲ್ಲ. ಬಾಯಲ್ಲಿ ಹೇಳುವುದು ಸುಲಭವಾಯಿತು. ಬರೆದು ಎರಡೂ ಬದಿ ಸರಿದೂಗಿಸುವಾಗ ಎರಡು ಸಲ ತಪ್ಪಿ ಹೊಡೆದುಹಾಕಿದೆ. ಗಣಪ ತನ್ನ ಎದುರಿನ ಚೀಲವನ್ನೂ ತೆಗೆದುಕೊಟ್ಟ. ಮೂರನೆಯ ಸಲ ಸರಿಯಾಯಿತು.

ಆಮೇಲೆ ಮೊದಲಿನ ಚೀಲದ ಮೇಲ್ಭಾಗದಲ್ಲಿ ಅವನ ಹೆಸರು ಬರೆದೆ. ಅದರ ಕೆಳಗೆ ಐದಕ್ಕೆ ಐದು ಎಂದು ಬರೆದು, ಸುತ್ತು ಹಾಕಿ, ಸಹಿ ಮಾಡಿದೆ. ಗಣಪ ಅದನ್ನು ಮಡಿಸಿ ಸುಣ್ಣದ ಡಬ್ಬಿಯ ಜೊತೆ ಜೇಬಿಗೆ ಇಟ್ಟುಕೊಂಡ.

ಚೀಲ ಈಗಲೂ ಅವನ ಹತ್ತಿರ ಇದೆ. ಬ್ಯಾನರು ಮಾಡಿಸುವವರು ವಜ್ರಳ್ಳಿಗೆ ಹೋಗಿ ಅದನ್ನು ಕೇಳಿ ತರಲಿ, ಅದರ ಫೋಟೋವನ್ನೇ ದೊಡ್ಡದು ಮಾಡಿ ಹಾಕಲಿ. ನಾವಿಬ್ಬರೂ ಬರುತ್ತೇವೆ.